ಹೊಳೆಯ ಯಾವ ದಡದಲ್ಲಿ ಮಲಗುವುದು?



ನಮ್ಮ ಬಳಗದ ಸಂಕ್ರಾಂತಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಮನೆಯವರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು: "ಮೊರಾಕೋಗೆ ಹೋಗಿಬಂದಿರಂತೆ. ಆ ಮಣ್ಣಿನ ಊರು ನೋಡುವುದಕ್ಕೆ ರಾತ್ರಿ ಎಲ್ಲಿ ಉಳಿದುಕೊಂಡರೆ ಚೆನ್ನ?" ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡು ಎರಡು ಮಾತಿನಲ್ಲಿ ಉತ್ತರ ಹೇಳುವಂಥ ಪ್ರಶ್ನೆ ಅದಲ್ಲ. ಯಾಕೆಂದರೆ ಅದೇ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ತಿಂಗಳು ಚರ್ಚೆಯಾಗಿ, ಒಂದು ತೀರ್ಮಾನವಾಗಿ, ಅಲ್ಲಿ ಹೋದ ಮೇಲೆ ಆ ತೀರ್ಮಾನ ತಲೆಕೆಳಗಾಯಿತು. ಸಂಪಾದಕರಿಗೂ ಎರಡು ಪುಟ ತುಂಬಬೇಕಾಗಿತ್ತಂತೆ. ಹೀಗಾಗಿ ಈ ಬರಹ.

ಊರಿನ ಹೆಸರು ಐತ್ ಬೆನ್‌ಹದ್ದು. ಮೊರಾಕೋ ದೇಶದ ದಕ್ಷಿಣಕ್ಕೆ, ಅಟ್ಲಾಸ್ ಪರ್ವತಗಳ ಆಚೆ ಮಗ್ಗುಲಲ್ಲಿ, ಊನಿಲಾ ಎಂಬ ಹೊಳೆಯ ದಡದ ಗುಡ್ಡಕ್ಕೆ ಅಂಟಿಕೊಂಡಿರುವ ಕೋಟೆಯೂರು. ಇಂಥ ಊರಿಗೆ ಅಲ್ಲಿಯವರು 'ಕ್ಸಾರ್' ಎನ್ನುತ್ತಾರೆ. ಸುತ್ತ ಗೋಡೆ, ಮೂಲೆಗೆ ಬುರುಜು, ಒಳಗೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳು, ಮಸೀದಿ, ವ್ಯಾಪಾರಿಗಳ ಛತ್ರ, ತುತ್ತತುದಿಯಲ್ಲಿ ಇಡೀ ಊರಿಗೆ ಸೇರಿದ ಕಣಜದ ಅವಶೇಷ. ಎಲ್ಲವೂ ಕೆಂಪು ಮಣ್ಣು. ಸಹಾರಾದಿಂದ ಮರಾಕೆಶ್ ನಗರಕ್ಕೆ ಒಂಟೆಗಳ ಮೇಲೆ ಸರಕು ಸಾಗುತ್ತಿದ್ದ ದಾರಿಯಲ್ಲಿ ಇದೊಂದು ತಂಗುದಾಣ. ಈಗ ನಿಂತಿರುವ ಕಟ್ಟಡಗಳು ಹದಿನೇಳನೆಯ ಶತಮಾನಕ್ಕಿಂತ ಹಿಂದಿನವಲ್ಲ ಎನ್ನುತ್ತಾರೆ, ಆದರೆ ಕಟ್ಟುವ ವಿದ್ಯೆ ಅದಕ್ಕಿಂತ ಬಹಳ ಹಳೆಯದು. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2000ದಲ್ಲಿ ಬಂದ 'ಗ್ಲಾಡಿಯೇಟರ್' ಸಿನಿಮಾ ನೋಡಿದವರು ಈ ಊರನ್ನು ಗೊತ್ತಿಲ್ಲದೆಯೇ ನೋಡಿದ್ದೀರಿ.

ಮರುಭೂಮಿ ಎಂದ ಕೂಡಲೆ ನಮ್ಮ ಮಕ್ಕಳಿಬ್ಬರೂ ಮರಳಿನ ದಿಬ್ಬದ ಮೇಲೆ ಜಾರುವ ಕನಸು ಕಂಡರು. ಮೊದಲೇ ಹೇಳಿಬಿಡುತ್ತೇವೆ, ಇಲ್ಲಿ ಆ ಬಗೆಯ ಮರಳಿಲ್ಲ. ಕಲ್ಲು, ಕೆಂಪು ಗುಡ್ಡ, ಹೊಳೆಯ ಪಕ್ಕದಲ್ಲಿ ಒಂದಿಷ್ಟು ಹಸಿರು, ಉಳಿದದ್ದೆಲ್ಲ ಬಯಲು. ಸಿನಿಮಾದಲ್ಲಿ ಕಾಣುವ ಮರಳ ದಿಬ್ಬಗಳಿಗೆ ಮೆರ್ಜೂಗಾದ ಕಡೆಗೆ ಇನ್ನೂ ಒಂದು ಇಡೀ ದಿನದ ದಾರಿ.

ನಾವು ಹೋದದ್ದು 2024ರ ಫೆಬ್ರವರಿಯ ಹಾಫ್ ಟರ್ಮ್ ರಜೆಯಲ್ಲಿ. ಇಂಗ್ಲೆಂಡಿನ ಮಳೆ, ಕತ್ತಲೆಗೆ ಬೇಸತ್ತು ಕುಳಿತಿದ್ದ ಅವ್ವನಿಗೆ ನಾಲ್ಕು ದಿನ ಬಿಸಿಲು ತೋರಿಸೋಣ ಎಂಬುದು ಮೂಲ ಉದ್ದೇಶ. ಅವ್ವನೆಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ವಯಸ್ಸು ಎಪ್ಪತ್ತನಾಲ್ಕು, ಆಳಂದ ತಾಲ್ಲೂಕಿನ ಹಳ್ಳಿಯವರು, ಎರಡೂ ಮೊಣಕಾಲು ನೋವು, ನಾಲಿಗೆ ಮಾತ್ರ ಬಲು ಚುರುಕು.

ಈಗ ಪ್ರಶ್ನೆಗೆ ಬರೋಣ. ಅಲ್ಲಿ ರಾತ್ರಿ ಕಳೆಯಲು ಮೂರು ದಾರಿಗಳಿವೆ.

ಒಂದು, ಸುಮಾರು 30 ಕಿಲೋಮೀಟರ್ ದೂರದ ವರ್ಜಾಜಾತ್ ಪಟ್ಟಣ. ದೊಡ್ಡ ಹೋಟೆಲುಗಳು, ಆಸ್ಪತ್ರೆ, ಔಷಧಿ ಅಂಗಡಿ, ಬ್ಯಾಂಕು ಎಲ್ಲ ಉಂಟು. ಎರಡು, ಹೊಳೆಯ ಈಚೆ ದಡದ ಹೊಸ ಊರು. ಹಳೆಯ ಊರಿನ ಬಹುತೇಕ ಕುಟುಂಬಗಳು ನೀರು, ಕರೆಂಟು, ಶಾಲೆ, ರಸ್ತೆ ಎಂದು ಆಚೆ ದಡ ಬಿಟ್ಟು ಇಲ್ಲಿಗೆ ಬಂದು ಮನೆ ಕಟ್ಟಿಕೊಂಡಿವೆ. ಅವುಗಳಲ್ಲಿ ಹಲವು ಈಗ ಅತಿಥಿಗೃಹಗಳು. ಕಾರು ಬಾಗಿಲಿಗೇ ಬರುತ್ತದೆ, ಹಳೆಯ ಊರು ಕಣ್ಣೆದುರು ಕಾಣುತ್ತದೆ. ಮೂರು, ಹೊಳೆ ದಾಟಿ ಹಳೆಯ ಊರಿನೊಳಗೇ ಮಲಗುವುದು. ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಕುಟುಂಬಗಳು, ಅಂಥ ಮನೆಗಳಲ್ಲಿ ಒಂದೆರಡು ಕಡೆ ಕೋಣೆ ಕೊಡುತ್ತಾರೆ.

ನಾವು ಆರಿಸಿದ್ದು ಪಟ್ಟಣವನ್ನು, ಎರಡು ರಾತ್ರಿಗೆ. ಅದಕ್ಕೆ ಮೊಣಕಾಲಷ್ಟೇ ಕಾರಣವಲ್ಲ. ನಾವು ಹೋಗುವುದಕ್ಕೆ ಐದು ತಿಂಗಳ ಹಿಂದೆ, 2023ರ ಸೆಪ್ಟೆಂಬರ್ 8ರಂದು ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ, ಅಟ್ಲಾಸ್ ಪರ್ವತಗಳಲ್ಲಿ 6.8 ಪ್ರಮಾಣದ ಭೂಕಂಪವಾಗಿ ಸುಮಾರು ಮೂರು ಸಾವಿರ ಜನ ಸತ್ತರು. ಜನ ಮನೆಯೊಳಗಿದ್ದ ಹೊತ್ತು ಅದು, ಎಷ್ಟೋ ಮನೆಗಳು ಮಣ್ಣು ಕಲ್ಲಿನವು. ಐತ್ ಬೆನ್‌ಹದ್ದುವಿನಲ್ಲೂ ಗೋಡೆಗಳು ಬಿರುಕು ಬಿಟ್ಟು ಕೆಲವು ಭಾಗ ಕುಸಿದವು. ಇಂಥ ಸುದ್ದಿ ನಮ್ಮ ಸೀಮೆಯವರಿಗೆ ಬರೀ ಸುದ್ದಿಯಾಗಿ ಕೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿಬಂದು ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಹತ್ತು ಸಾವಿರದಷ್ಟು ಜನರನ್ನು ಕೊಂದದ್ದು ಹೆಚ್ಚಾಗಿ ಅವರವರ ಮನೆಯ ಕಲ್ಲು ಮಣ್ಣಿನ ಗೋಡೆಗಳು, ತಲೆಯ ಮೇಲಿದ್ದ ಭಾರದ ಮಣ್ಣಿನ ಮಾಳಿಗೆಗಳು. ನಮ್ಮೂರು ಅಲ್ಲಿಂದ ದೂರವಲ್ಲ. ನಮ್ಮ ಮನೆಯ ಹಿಂದಿನ ಗೋಡೆ ಅವತ್ತು ಬಾಯಿ ಬಿಟ್ಟಿತ್ತು. ಹಾಗಾಗಿ "ಮಣ್ಣಿನ ಮನೆಯಲ್ಲಿ ಮಾತ್ರ ಬೇಡ" ಎಂದು ನಮ್ಮಲ್ಲಿ ಮಗನಾದವರು ಹಟ ಹಿಡಿದರು, ಸೊಸೆಯಾದವರು ಒಪ್ಪಿದರು. ಅವ್ವನನ್ನು ನಾವು ಕೇಳಲಿಲ್ಲ.

ಮರಾಕೆಶ್‌ನಿಂದ ಚಾಲಕನ ಸಮೇತ ಕಾರು ಮಾಡಿಕೊಂಡು ಹೊರಟೆವು. ದಾರಿ ಸುಮಾರು 180 ಕಿಲೋಮೀಟರ್, ಆದರೆ ನಾಲ್ಕು ಗಂಟೆ ಹಿಡಿಯುತ್ತದೆ. ತಿಶ್ಕಾ ಎಂಬ ಘಾಟಿಯ ನೆತ್ತಿ 2,260 ಮೀಟರ್ ಎತ್ತರ. ತಿರುವುಗಳ ಲೆಕ್ಕ ಇಡಲು ಹೊರಟ ಮಗ ಐವತ್ತಕ್ಕೆ ಬಂದಾಗ ಪ್ಲಾಸ್ಟಿಕ್ ಚೀಲ ಕೇಳಿದ. ಚಳಿಗಾಲದಲ್ಲಿ ಹಿಮ ಬಿದ್ದರೆ ಈ ದಾರಿಯನ್ನು ಮುಚ್ಚುವುದೂ ಉಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಅವತ್ತು ಸಂಜೆ ನೇರವಾಗಿ ವರ್ಜಾಜಾತ್‌ಗೆ ಹೋಗಿ ಮಲಗಿದೆವು. ಬಿಸಿನೀರು, ಮೆತ್ತನೆಯ ಹಾಸಿಗೆ, ಲಿಫ್ಟು, ಯಾವುದಕ್ಕೂ ದೂರು ಹೇಳುವಂತಿರಲಿಲ್ಲ. ಬೆಳಿಗ್ಗೆ ಮಕ್ಕಳು ಏಳುವುದು, ತಿಂಡಿ, ಅವ್ವನ ಪೂಜೆ ಎಲ್ಲ ಮುಗಿದು ಐತ್ ಬೆನ್‌ಹದ್ದು ತಲುಪುವಾಗ ಹನ್ನೊಂದೂವರೆ. ಮರಾಕೆಶ್‌ನಿಂದ ನಸುಕಿನಲ್ಲಿ ಹೊರಟ ಪ್ರವಾಸಿ ಬಸ್ಸುಗಳೂ ಸರಿಯಾಗಿ ಅದೇ ಹೊತ್ತಿಗೆ ಬಂದು ನಿಂತಿದ್ದವು. ಆಮೇಲಿನದು ಕೇಳಬೇಡಿ. ಕಾಲುಸೇತುವೆಯ ಮೇಲೆ ಜಾತ್ರೆ, ಓಣಿಗಳಲ್ಲಿ ಜಾತ್ರೆ, ಮೆಟ್ಟಿಲುಗಳ ಮೇಲೆ ಎಲ್ಲರ ಕೈಯಲ್ಲೂ ಫೋನು. ಮಗಳಿಗೆ ಮಾತ್ರ ಒಂದು ಸೊಗಸು ಸಿಕ್ಕಿತು. ಒಬ್ಬ ಚಿತ್ರಗಾರ ಕೇಸರಿ ಮತ್ತು ಚಹಾದ ನೀರಿನಲ್ಲಿ ಕಾಗದದ ಮೇಲೆ ಏನೋ ಎಳೆದು, ಗ್ಯಾಸಿನ ಉರಿಯ ಮೇಲೆ ಹಿಡಿದಾಗ, ಕಾಣದಿದ್ದ ಒಂಟೆ, ಬುರುಜುಗಳೆಲ್ಲ ಕಂದು ಬಣ್ಣದಲ್ಲಿ ಎದ್ದುಬಂದವು.

ಅವ್ವನಿಗೆ ಹತ್ತಲಾಗಲಿಲ್ಲ. ಮೂರನೆಯ ತಿರುವಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಕುಳಿತುಬಿಟ್ಟರು. ನಾವು ಮಕ್ಕಳನ್ನು ಕರೆದುಕೊಂಡು ಕಣಜದ ತನಕ ಹತ್ತಿಳಿದು ಬರುವಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು, ಆ ಮನೆಯ ಗೋಡೆಗೆ ಅಂಗೈ ಇಟ್ಟುಕೊಂಡು ಕುಳಿತಿದ್ದರು.

"ಇದು ನಮ್ಮ ಗ್ವಾಡಿನೇ ಅದ ನೋಡು. ಹೊಟ್ಟು ಕಲಸಿ ಮೆತ್ಯಾರ" ಎಂದರು. ತಲೆ ಎತ್ತಿ ಬಾಗಿಲೊಳಗಿನ ಸೂರು ತೋರಿಸಿ, "ನಮ್ಮಲ್ಲಿ ತೊಲಿ, ಜಂತಿ, ಮ್ಯಾಲ ತೊಗರಿ ಕಟ್ಟಿಗಿ, ಅದರ ಮ್ಯಾಲ ಮಣ್ಣು. ಇವರು ತೊಗರಿ ಕಟ್ಟಿಗಿ ಬದ್ಲು ಜೊಂಡು ಹಾಕ್ಯಾರ, ಅಷ್ಟೇ." ನಿಜ. ಅಲ್ಲಿ ಕೆಳಗಿನ ಗೋಡೆಗಳನ್ನು ಹಲಗೆಗಳ ನಡುವೆ ಒದ್ದೆ ಮಣ್ಣು ತುಂಬಿ ದಮ್ಮಸು ಮಾಡಿ ಎಬ್ಬಿಸುತ್ತಾರೆ, ಮೇಲಿನ ಚಿತ್ತಾರದ ಭಾಗಕ್ಕೆ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಕಣಜ ಗುಡ್ಡದ ತುದಿಯಲ್ಲಿದೆ ಎಂದಾಗ ಅವ್ವ ನಕ್ಕರು. "ನಾವು ಹಗೇವು ತೋಡಿ ಜ್ವಾಳ ನೆಲದಾಗ ಮುಚ್ಚಿಟ್ವಿ, ಇವರು ಗುಡ್ಡದ ಮ್ಯಾಲಿಟ್ರು. ಕಳ್ಳರ ಅಂಜಿಕಿ ಎಲ್ಲಾ ಕಡಿ ಒಂದೇ."

ಆಮೇಲೆ ಚಾಲಕನ ಕಡೆ ತಿರುಗಿ, "ರಾತ್ರಿ ಇಲ್ಲಿ ಯಾರರ ಮಲಗ್ತಾರೇನು ಕೇಳು" ಎಂದರು. ನಾವು ಇಂಗ್ಲಿಷಿನಲ್ಲಿ ಕೇಳಿದೆವು. ಕೆಲವೇ ಮನೆಗಳವರು ಎಂದ.

"ಮತ್ತ ನಾವ್ಯಾಕ ಅಷ್ಟು ದೂರ ಹೋಗಿ ಮಲಗಬೇಕು? ಊರು ನೋಡ್ಲಿಕ್ಕ ಬಂದು ಊರು ಬಿಟ್ಟು ಮಲಗೋದಂದ್ರ, ಮದಿವಿಗಿ ಬಂದು ಹಂದರದ ಹೊರಗ ನಿಂತಂಗ."

"ಅವ್ವಾ, ಕಿಲ್ಲಾರಿ ಮರ್ತಿಯೇನು?" ಎಂದರು ಮಗ.

"ಮರ್ತಿಲ್ಲ. ಬೇವಿನ ಗಿಡದ ಕೆಳಗ ಹದಿನೈದು ದಿವಸ ಮಲಗಿದ್ದು ನೀನೂ ಮರ್ತಿಲ್ಲ. ಹದಿನಾರನೇ ದಿವಸ ಎಲ್ಲಿ ಮಲಗಿದ್ವಿ, ಅದನ್ನ ಹೇಳು."

ಅದಕ್ಕೆ ಉತ್ತರ ಮೂವರಿಗೂ ಗೊತ್ತಿತ್ತು. ಹಿಂದಿನ ಗೋಡೆಗೆ ಕಂಬದ ಆಸರೆ ಕೊಟ್ಟು, ಅದೇ ಮನೆಯೊಳಗೇ ಮಲಗಿದ್ದರು.

ಊರಿನೊಳಗೆ ಕೋಣೆ ಕೊಡುವ ಒಂದು ಮನೆಯನ್ನು ಹೋಗಿ ನೋಡಿದೆವು. ಚೊಕ್ಕಟವಾಗಿತ್ತು, ಆದರೆ ಕೋಣೆ ಇದ್ದದ್ದು ಎರಡನೆಯ ಅಂತಸ್ತಿನಲ್ಲಿ. ಒಂದೊಂದು ಮೆಟ್ಟಿಲೂ ಒಂದಡಿ ಎತ್ತರ, ಹಿಡಿಯಲು ಕಂಬಿ ಇಲ್ಲ, ಶೌಚಾಲಯ ಕೆಳಗೆ ಅಂಗಳದಲ್ಲಿ. ನಾವು ಬಾಯಿ ತೆರೆಯುವ ಮೊದಲೇ ಅವ್ವ ಮೆಟ್ಟಿಲನ್ನೊಮ್ಮೆ, ತಮ್ಮ ಮೊಣಕಾಲನ್ನೊಮ್ಮೆ ನೋಡಿ, "ಇದು ನನಗ ಹೇಳಿ ಮಾಡ್ಸಿದ್ದಲ್ಲ" ಎಂದುಬಿಟ್ಟರು. ಹಾಗೆ ಒಪ್ಪಂದವಾಯಿತು. ಪಟ್ಟಣವೂ ಅಲ್ಲ, ಹಳೆಯ ಊರೂ ಅಲ್ಲ, ಹೊಳೆಯ ಈಚೆ ದಡದಲ್ಲಿ ನೆಲದ ಮಟ್ಟದ ಕೋಣೆ. ಪಟ್ಟಣದ ಹೋಟೆಲಿಗೆ ಕೊಟ್ಟಿದ್ದ ಎರಡನೆಯ ರಾತ್ರಿಯ ದುಡ್ಡು ಹೋಯಿತು. ಸಾಮಾನು ತರಲು ಚಾಲಕನ ಜೊತೆ ಅರವತ್ತು ಕಿಲೋಮೀಟರ್ ಹೋಗಿಬರಬೇಕಾಯಿತು. ಆ ದಾರಿಯುದ್ದಕ್ಕೂ ನಮ್ಮಿಬ್ಬರಲ್ಲಿ ಒಬ್ಬರು ಮಾತಾಡಲಿಲ್ಲ, ಯಾರೆಂದು ಬರೆಯುವುದಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಬಸ್ಸುಗಳು ಒಂದೊಂದಾಗಿ ಹೊರಟವು. ಐದಕ್ಕೆ ಅಂಗಡಿಯವರು ಕಂಬಳಿ, ಹೂಜಿಗಳನ್ನು ಒಳಗಿಟ್ಟರು. ಆರು ಗಂಟೆಗೆ ನಾವು ಅತಿಥಿಗೃಹದ ಅಂಗಳದಲ್ಲಿ ಕುಳಿತಿದ್ದಾಗ ಇಳಿಬಿಸಿಲು ನೇರ ಎದುರು ದಡದ ಮೇಲೆ ಬಿದ್ದು, ಇಡೀ ಊರು ಒಲೆಯಲ್ಲಿ ಕಾದ ಹಂಚಿನಂತೆ ಕೆಂಪಗಾಯಿತು. ಹೊಳೆಯಲ್ಲಿ ನೀರು ಅಷ್ಟಕ್ಕಷ್ಟೆ. ಒಬ್ಬ ಹುಡುಗ ಕತ್ತೆಯ ಮೇಲೆ ಹುಲ್ಲು ಹೇರಿಕೊಂಡು ಸೇತುವೆ ಬಿಟ್ಟು ನೀರಿನಲ್ಲೇ ದಾಟಿ ಆಚೆಗೆ ಹೋದ. ಮಧ್ಯಾಹ್ನ ಸಿನಿಮಾ ಸೆಟ್ಟಿನಂತೆ ಕಂಡಿದ್ದ ಊರಿನಲ್ಲಿ ಯಾರೋ ಅಡುಗೆ ಮಾಡುತ್ತಿದ್ದಾರೆಂದು ಹೊಗೆ ನೋಡಿ ತಿಳಿಯಿತು.

ಅತಿಥಿಗೃಹ ಹೊರಗಿಂದ ಮಣ್ಣಿನ ಮೆತ್ತಿಗೆ, ಒಳಗೆ ಸಿಮೆಂಟಿನ ಕಂಬ. ಯಜಮಾನರು ಕಂಬವನ್ನು ತಟ್ಟಿ ತೋರಿಸಿ ನಮ್ಮ ಮಗನಾದವರಿಗೆ ಸಮಾಧಾನ ಹೇಳಿದರು. ಅವರ ಅಜ್ಜ ಹುಟ್ಟಿದ್ದು ಎದುರು ದಡದಲ್ಲಂತೆ. ಆ ಮನೆ ಇಂದಿಗೂ ಅವರದೇ, ಈಗ ಯಾರೂ ವಾಸವಿಲ್ಲ. ಮಳೆ ಬಂದು ಹೋದಾಗಲೆಲ್ಲ ಹೋಗಿ ಮಾಳಿಗೆ ತುಳಿದು, ಗೋಡೆ ಮೆತ್ತಿ ಬರುತ್ತಾರೆ. ಭೂಕಂಪದ ಮೇಲೆ ಎರಡೂ ದಡದವರು ಎಷ್ಟೋ ರಾತ್ರಿ ಬಯಲಲ್ಲೇ ಮಲಗಿದ್ದರಂತೆ. ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದಾಗ, "ಹೌದು, ಮತ್ತ" ಎಂದರು, ನೆಂಟರ ಸುದ್ದಿ ಕೇಳಿದವರಂತೆ.

ಊಟಕ್ಕೆ ಏಳು ತರಕಾರಿಯ ಕುಸ್‌ಕುಸ್, ಅದರ ಜೊತೆಗೆ ನಮ್ಮ ಡಬ್ಬದ ಶೇಂಗಾ ಹಿಂಡಿ. ಕೈ ತೊಳೆಯಲು ಅವ್ವ ಯಾವ ಭಾಷೆಯ ಹಂಗೂ ಇಲ್ಲದೆ "ಸಾಬೂನು" ಎಂದರು, ಹುಡುಗ ಓಡಿಹೋಗಿ ತಂದುಕೊಟ್ಟ. ಅರಬ್ಬಿಯಲ್ಲೂ ಅದು ಸಾಬೂನೇ!

ಕತ್ತಲಾದ ಮೇಲೆ ಎದುರು ದಡದಲ್ಲಿ ದೀಪಗಳು ಕಂಡವು. ಮಕ್ಕಳು ಎಣಿಸಿ ಒಂಬತ್ತು ಎಂದರು, ಅವ್ವ ಹನ್ನೊಂದು ಎಂದರು. ಅಷ್ಟು ದೊಡ್ಡ ಊರಿಗೆ ಅಷ್ಟೇ. ಉಳಿದ ಕಿಟಕಿಗಳೆಲ್ಲ ಕತ್ತಲು. ಶಾಲು ಹೊದ್ದುಕೊಂಡು ಬಹಳ ಹೊತ್ತು ನೋಡುತ್ತಿದ್ದ ಅವ್ವ, "ಮಳಿ ಬಂದ್ರ ಮನಿ ಬೀಳಂಗಿಲ್ಲಪ್ಪ. ಕೀಲಿ ಹಾಕಿದ್ರ ಬೀಳ್ತದ" ಎಂದರು.

ಅವರು ಯಾವ ಮನೆಯ ಮಾತಾಡುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಅಪ್ಪ ತೀರಿಕೊಂಡ 2016ರಿಂದ ಊರಿನ ನಮ್ಮ ಮಾಳಿಗೆ ಮನೆಗೆ ಬೀಗ ಬಿದ್ದಿದೆ. 2023ರ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆ ಕುಸಿದಿದೆ ಎಂದು ಪಕ್ಕದ ಮನೆಯವರು ಫೋನ್ ಮಾಡಿದ್ದರು. ಅಣ್ಣತಮ್ಮಂದಿರೆಲ್ಲ ಸೇರಿ ಮಾರಿಬಿಡೋಣ ಎಂದು ಮಾತಾಡಿಕೊಂಡಿದ್ದೆವು. ಆ ಮಾತು ನಡೆದದ್ದು ನಮ್ಮ ಮನೆಯ ಸೋಫಾದ ಮೇಲೆ, ಅವ್ವ ಪಕ್ಕದಲ್ಲೇ ಕುಳಿತು ಟೀವಿ ನೋಡುತ್ತಿದ್ದಾಗ. ಹೋಟೆಲಿನ ವಿಷಯದಂತೆ ಅಲ್ಲೂ ಅವರನ್ನು ನಾವು ಕೇಳಿರಲಿಲ್ಲ. ಆ ರಾತ್ರಿ ಅದಕ್ಕಿಂತ ಹೆಚ್ಚು ಅವರು ಏನೂ ಹೇಳಲಿಲ್ಲ, ಚಳಿ ಎಂದು ಒಳಗೆ ಹೋದರು.

ಮರುದಿನ ಆರೂವರೆಗೆ, ಮಕ್ಕಳನ್ನು ಮಲಗಲು ಬಿಟ್ಟು ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಅವ್ವನ ಕೈ ಹಿಡಿದು ಸೇತುವೆ ದಾಟಿದೆವು. ಓಣಿ ಪೂರ್ತಿ ಖಾಲಿ. ತಳ್ಳುವವರಿಲ್ಲ, ಫೋಟೋಕ್ಕೆ ಸರಿಯಿರಿ ಎನ್ನುವವರಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಅವರು ಹಿಂದಿನ ದಿನದ ಜಗಲಿಯನ್ನೂ ದಾಟಿ ಇನ್ನೂ ಎರಡು ತಿರುವು ಮೇಲೆ ಹೋದರು. ಅಲ್ಲೊಬ್ಬ ಮುದುಕಿ ಬಾಗಿಲು ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಕೂರಲು ಕಂಬಳಿ ಹಾಸಿದಳು. ಪುದೀನ ಹಾಕಿದ ಚಹಾ ಬಂತು, ರೊಟ್ಟಿ ಬಂತು. ಅವ್ವ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಡಕ್ ರೊಟ್ಟಿ, ಹಿಂಡಿ ತೆಗೆದರು. ಹಿಂಡಿ ತಿಂದ ಮುದುಕಿ ಕೆಮ್ಮಿ ಕೆಮ್ಮಿ ನಕ್ಕಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಗೋಡೆ ತೋರಿಸುವುದು, ಮಾಳಿಗೆ ತೋರಿಸುವುದು, ಮೊಣಕಾಲು ತೋರಿಸುವುದು, ಮಕ್ಕಳೆಷ್ಟು ಎಂದು ಬೆರಳೆಣಿಸುವುದು. ಅರ್ಧ ಗಂಟೆ ಹಾಗೆಯೇ ಹೋಯಿತು. ಎದ್ದು ಬರುವಾಗ ನಾವು ಕಲಿತಿದ್ದ ಒಂದೇ ಅಮಾಜಿಗ್ ಪದ, "ತನ್ಮಿರ್ತ್", ಎಂದರೆ ವಂದನೆ, ಹೇಳಿದೆವು. ನಾವು ಕಾರು ಹತ್ತುವಾಗ ಮೊದಲ ಬಸ್ಸು ಬರುತ್ತಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮನೆಯ ಬೀಗ ತೆಗೆಸಿದೆವು. ಸೋರಿದಾಗಲೆಲ್ಲ ಮಣ್ಣು ಹಾಕುತ್ತಾ ಹೋಗಿ ಮಾಳಿಗೆ ಒಂದೂವರೆ ಅಡಿ ದಪ್ಪವಾಗಿತ್ತು. ಕಿಲ್ಲಾರಿ ನೆನಪಿರುವ ಹಳೆಯ ಗೌಂಡಿಯೊಬ್ಬರು ಮೊದಲು ಆ ಭಾರ ಇಳಿಸಿದರು, ಆಮೇಲೆ ಮೂಲೆ ಕಟ್ಟಿದರು. ಈಗ ಅಲ್ಲಿ ಶಾಲೆಯ ಮಾಸ್ತರರ ಕುಟುಂಬವಿದೆ. ಬಾಡಿಗೆ ಬೇಡ, ದಿನಾ ಒಲೆ ಹಚ್ಚಿದರೆ ಸಾಕು ಎಂದು ಅವ್ವನ ಕರಾರು. ಎಷ್ಟು ವರ್ಷ ಹೀಗೆ ನಡೆದೀತೋ, ಮುಂದೆ ಮಾರುತ್ತೇವೋ ಇಲ್ಲವೋ, ಆ ಚರ್ಚೆ ಮುಗಿದಿಲ್ಲ. ಈಗ ಅವ್ವನೂ ಆ ಚರ್ಚೆಯಲ್ಲಿ ಇದ್ದಾರೆ, ಅಷ್ಟೇ ವ್ಯತ್ಯಾಸ.

ಇನ್ನು ಊಟದ ಸಾಲಿನಲ್ಲಿ ಕೇಳಿದವರಿಗೆ ಉತ್ತರ. ಹೃದಯದ ತೊಂದರೆ ಇದ್ದವರು, ಕೈಗೂಸು ಇದ್ದವರು ಸಂಕೋಚವಿಲ್ಲದೆ ವರ್ಜಾಜಾತ್‌ನಲ್ಲೇ ಉಳಿಯಿರಿ, ಆದರೆ ನಸುಕಿನಲ್ಲೇ ಹೊರಟು ಬಸ್ಸುಗಳಿಗಿಂತ ಮುಂಚೆ ಊರು ಸೇರಿ. ಮಂಡಿ ಗಟ್ಟಿಯಿರುವ ಕಿರಿಯರು ಹಳೆಯ ಊರಿನೊಳಗೇ ಮಲಗಬಹುದು. ಭೂಕಂಪದ ಮೇಲೆ ಆ ಮನೆಗೆ ಏನು ದುರಸ್ತಿಯಾಗಿದೆ ಎಂದು ನೇರವಾಗಿ ಕೇಳಿ, ಬಿರುಕು ಕಂಡರೆ ದಾಕ್ಷಿಣ್ಯ ಬೇಡ. ಚಕ್ರದ ಪೆಟ್ಟಿಗೆ ಆ ಓಣಿಗಳಲ್ಲಿ ಉರುಳುವುದಿಲ್ಲ, ಬೆನ್ನಿಗೆ ಹಾಕುವ ಚೀಲವೇ ಸರಿ. ಹಿರಿಯರು, ಮಕ್ಕಳು ಜೊತೆಗಿದ್ದರೆ ಈಚೆ ದಡವೇ ಲೇಸು. ನೆಲಮಟ್ಟದ ಕೋಣೆ, ಹಳೆಯ ಊರಿಗೆ ಮುಖ ಮಾಡಿದ್ದು ಎಂದು ಮೊದಲೇ ಹೇಳಿ. ಫೆಬ್ರವರಿಯ ರಾತ್ರಿ ಕೊರೆಯುತ್ತದೆ, ಕೋಣೆ ಬೆಚ್ಚಗಿಡಲು ಏನಿದೆ ಎಂದು ವಿಚಾರಿಸಿ. ಹರೀರಾ ಎಂಬ ಸಾರಿನಲ್ಲಿ ಮಾಂಸವಿರಬಹುದು, ಸಸ್ಯಾಹಾರಿಗಳು ಕೇಳಿಯೇ ಕುಡಿಯಿರಿ. ಊರು ನೋಡಲು ಟಿಕೆಟ್ಟಿಲ್ಲ, ಆದರೆ ಯಾರಾದರೂ ತಮ್ಮ ಮನೆ ತೋರಿಸಿ ಒಂದಿಷ್ಟು ದಿರ್ಹಮ್ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಆ ದುಡ್ಡು ಗೋಡೆಗೆ ಮೆತ್ತುವ ಮಣ್ಣಿನ ಖರ್ಚು. ಭಾರತದ ಪಾಸ್‌ಪೋರ್ಟಿನ ಹಿರಿಯರಿಗೆ ಮೊರಾಕೋ ವೀಸಾ ಬೇಕು, ಹೊರಡುವುದಕ್ಕೆ ಬಹಳ ಮೊದಲೇ ನೋಡಿಕೊಳ್ಳಿ.

ಹಾಂ, ಎಲ್ಲಿ ಮಲಗುವುದೆಂದು ತೀರ್ಮಾನಿಸುವ ಮುಂಚೆ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ಹಿಂಡಿಯ ಡಬ್ಬ ಮರೆಯಬೇಡಿ.